ಪಿಟೀಲು ನಿಂತರೆ ತಾತ ಸಾಯೋದಿಲ್ಲ

ಹೆಂಡತಿ: ಆ ಪಿಟೀಲು ನಿಲ್ಲಿಸ್ತೀರೋ ಇಲ್ವೋ? ಬೆಳಗ್ಗೆಯಿಂದ ಒಂದೇ ಗೋಳು. ಕೋಟಿನ ತೋಳು ಕತ್ತರಿಸೋಕೆ ಹೋಗಿ ಜೇಬು ಕತ್ತರಿಸಿದೆ!

ಗಂಡ: ಅದು ನಿಂತ್ರೆ ತಾತ ಸಾಯಲ್ಲ ಕಣೇ.

ಹೆಂಡತಿ: ಎಷ್ಟೂಂತ ಸಾಯ್ತಾರೆ? ಬೇಗ ಕಳಿಸಿಬಿಡಿ ಅತ್ಲಾಗೆ.

(ಗಂಡ ಕಥೆಗಾರ. ವಾರಪತ್ರಿಕೆಗೆ ಸಂಜೆಯೊಳಗೆ ಕಥೆ ಮುಟ್ಟಬೇಕು. ಕಥೆಯ ತಾತ ಹಾಸಿಗೆ ಹಿಡಿದಿದ್ದಾರೆ. ಟೇಪಿನಲ್ಲಿ ಪಿಟೀಲಿನ ಶೋಕದ ಸಂಗೀತವಿಲ್ಲದೆ ಇವನ ಪೆನ್ನು ಓಡದು. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಹೆಂಡತಿಯ ಹೊಲಿಗೆ. ಅವಳು ದಾರ ತರಲು ಒಳಗೆ ಹೋದಾಗ ಬಾಗಿಲಲ್ಲಿ ಕೆಳಮನೆಯಾಕೆ, ಮುಖ ಬಾಡಿಸಿಕೊಂಡು.)

ಕೆಳಮನೆಯಾಕೆ: ಪಿಟೀಲು ಕೇಳಿ ಎದೆ ಧಸಕ್ ಅಂತು. ಯಾರು ಹೋಗಿದ್ದು?

ಗಂಡ: ತಾತ. ಇನ್ನೂ ಹೋಗಿಲ್ಲ, ಸಂಜೆಯೊಳಗೆ ಮುಗಿಸ್ತೀನಿ.

ಕೆಳಮನೆಯಾಕೆ: ಮುಗಿಸ್ತೀರಾ? ಡಾಕ್ಟರ್ ಏನಂತಾರೆ?

ಗಂಡ: ಡಾಕ್ಟರನ್ನ ನಿನ್ನೆನೇ ಹೊಡೆದುಹಾಕಿದೆ. ಸುಮ್ನೆ ಮಧ್ಯೆ ಬರ್ತಿದ್ದ.

ಕೆಳಮನೆಯಾಕೆ: ಅಯ್ಯಯ್ಯೋ! ನಿಮ್ಮ ಹೆಂಡತಿಗೆ ಗೊತ್ತಾ?

ಗಂಡ: ಬೇಗ ಮುಗಿಸಿ ಅಂತ ಪ್ರಾಣ ತಿಂತಿರೋದೇ ಅವಳು!

(ಕೆಳಮನೆಯಾಕೆ ಹಿಂದೆ ಹಿಂದೆ ಸರಿಯುತ್ತಾಳೆ. ಹೆಂಡತಿ ಒಳಗಿಂದ ಓಡಿಬಂದು ಅವಳ ಕೈ ಹಿಡಿಯುತ್ತಾಳೆ.)

ಹೆಂಡತಿ: ಅಕ್ಕಾ, ಕಥೆ! ಬರೀ ಕಥೆ!

ಕೆಳಮನೆಯಾಕೆ: ಕಥೇನಾ? ಹಾಗಾದ್ರೆ ಓದಿ, ಕೇಳೋಣ.

(ಪಿಟೀಲಿನ ಜೊತೆ ಗಂಡ ಓದುತ್ತಾನೆ: "ದುಃಖದ ಮಹಾಸಾಗರ ಉಕ್ಕಿ ಹರಿಯಿತು..." ಕೆಳಮನೆಯಾಕೆ ಬಿಕ್ಕುತ್ತಾಳೆ.)

ಗಂಡ: ನೋಡಿದ್ಯಾ ನನ್ನ ಬರವಣಿಗೆ!

(ಹೆಂಡತಿ ಪಟ್ಟನೆ ಟೇಪು ನಿಲ್ಲಿಸುತ್ತಾಳೆ.)

ಹೆಂಡತಿ: ಈಗ ಓದಿ. ಅದೇ ಪುಟ.

(ಗಂಡ ಓದುತ್ತಾನೆ. ಕೆಳಮನೆಯಾಕೆ ಆಕಳಿಸುತ್ತಾಳೆ.)

ಕೆಳಮನೆಯಾಕೆ: ಸಾಗರ ಯಾಕೆ ಬಂತು? ತಾತ ಮಲಗಿರೋದು ರೂಮಲ್ಲಿ ಅಲ್ವಾ?

ಹೆಂಡತಿ: ಏನ್ರೀ, ಪತ್ರಿಕೆ ಜೊತೆ ಪಿಟೀಲಿನವನನ್ನೂ ಮನೆಮನೆಗೆ ಕಳಿಸ್ತೀರಾ?

(ಗಂಡನ ಮುಖ ಹುಳ್ಳಗಾಗುತ್ತದೆ. ಪುಟವನ್ನು ಹರಿಯುತ್ತಾನೆ. ಕಿಟಕಿಯಾಚೆ ಯಾರದೋ ಸೈಕಲ್ ಗಂಟೆ, ಅಷ್ಟೇ. ಹೊಸ ಹಾಳೆಯಲ್ಲಿ ನಾಲ್ಕೈದೇ ಸಾಲು ಬರೆದು ಸಣ್ಣ ದನಿಯಲ್ಲಿ ಓದುತ್ತಾನೆ.)

ಗಂಡ: "ತಾತ ಸೊಸೆಯನ್ನು ಹತ್ತಿರ ಕರೆದರು. 'ನನ್ನ ಚಪ್ಪಲಿ ಒಳಗೆ ತೆಗೆದಿಡಬೇಡಮ್ಮ. ಬಾಗಿಲಲ್ಲೇ ಇರಲಿ. ನೀನು ಒಬ್ಬಳೇ ಇದ್ದೀಯ ಅಂತ ಯಾರಿಗೂ ಗೊತ್ತಾಗಬಾರದು' ಎಂದರು. ಆಮೇಲೆ ಮಾತಾಡಲಿಲ್ಲ."

(ಕತ್ತರಿಯ ಸದ್ದು ನಿಲ್ಲುತ್ತದೆ. ಕೆಳಮನೆಯಾಕೆ ಸೆರಗು ಬಾಯಿಗೆ ಒತ್ತಿಕೊಂಡಿದ್ದಾಳೆ.)

ಗಂಡ: ಏನೇ, ನೀನೂ ಅಳ್ತಿದ್ದೀಯಾ? ಹಾಗಾದ್ರೆ ಚೆನ್ನಾಗಿದೆ!

ಹೆಂಡತಿ: ಅಂಥ ದೇವರಂಥ ಮನುಷ್ಯನ್ನ ಸಾಯಿಸೋಕೆ ನಿಮಗೆ ಕೈಯಾದ್ರೂ ಹೇಗೆ ಬಂತು?

ಗಂಡ: ನೀನೇ ಅಲ್ವೇನೇ...

ಹೆಂಡತಿ: ಮಾತಾಡ್ಬೇಡಿ! ರಾತ್ರಿ ಅಡುಗೆ ನೀವೇ ಮಾಡ್ಕೊಳ್ಳಿ. ಕೊಲೆಗಾರನಿಗೆ ನಾನು ಬಡಿಸಲ್ಲ.