ರೊಟ್ಟಿಗೂ ಅಲಂಕಾರ ಹಾಕುವ ಮಾವ

ನಮ್ಮ ಸೋದರಮಾವನಿಗೆ ಹಸಿವಾದರೂ ಅದು ಅಲಂಕಾರ ಹಾಕಿಕೊಂಡೇ ಆಗುತ್ತದೆ! ನರೋಣಾದ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದ ಮನುಷ್ಯ. ಶಾಲೆಯೇನೋ ಅವನನ್ನು ಬಿಟ್ಟಿತು, ಉಪಮೆ ರೂಪಕಗಳು ಬಿಡಬೇಕಲ್ಲ? ಊಟಕ್ಕೆ ಕೂತರೆ, ಒಂದು ಹುಣ್ಣಿಮೆ ಚಂದ್ರನನ್ನು ಇತ್ತ ಕಳಿಸು ಎನ್ನುತ್ತಾನೆ. ಬೇಕಾಗಿದ್ದು ಜೋಳದ ರೊಟ್ಟಿ. ಒಲೆಯ ಮುಂದೆ ಬೆವರುತ್ತ ಕೂತ ಅತ್ತೆ ಸುಮ್ಮನಿದ್ದಾಳೆಯೇ?

"ಚಂದ್ರ ಮ್ಯಾಲ ಅದಾನ್ರಿ, ಏರಿ ತಿನ್ರಿ. ರೊಟ್ಟಿ ಬೇಕಿದ್ರ ರೊಟ್ಟಿ ಅನ್ರಿ."

ಒಮ್ಮೆ ಅವಳು ತಾಳ್ಮೆಗೆಟ್ಟು, ನೀವೊಂದು ಕಲ್ಲು ಎಂದುಬಿಟ್ಟಳು. ಬೇರೆ ಗಂಡಸಾಗಿದ್ದರೆ ಮನೆ ರಣರಂಗ. ಇವನು ಚಪ್ಪಾಳೆ ತಟ್ಟಿದ! ಕಲ್ಲಿನಂಥವರು ಎಂದಿದ್ದರೆ ಬರೀ ಉಪಮೆಯಾಗುತ್ತಿತ್ತು, ಕಲ್ಲೇ ಎಂದದ್ದರಿಂದ ರೂಪಕವಾಯಿತು ಎಂದು ಮನೆಮಂದಿಗೆಲ್ಲ ಪಾಠ ಮಾಡಿದ. ಅಂದು ಅವನ ತಾಟಿಗೆ ಪಲ್ಯ ಬೀಳಲಿಲ್ಲ.

ಇನ್ನೊಮ್ಮೆ ಆಳಂದದ ಬಸ್ ನಿಲ್ದಾಣ. ಒಳಗೆ ಎಳ್ಳು ಹಾಕಿದರೂ ಕೆಳಗೆ ಬೀಳುವುದಿಲ್ಲ ಎಂದ ಕಂಡಕ್ಟರ್. ಮಾವ ಬಾಗಿಲ ಬಳಿ ನಿಂತು, ಇದಕ್ಕೇ ಅತಿಶಯೋಕ್ತಿ ಎನ್ನುತ್ತಾರಪ್ಪ ಎಂದು ಲಕ್ಷಣ ಹೇಳತೊಡಗಿದ. ಲಕ್ಷಣ ಮುಗಿದು ಉದಾಹರಣೆಗೆ ಬರುವಷ್ಟರಲ್ಲಿ ಬಸ್ಸು ಹೋಗಿತ್ತು. ನಾನು ಬಿಸಿಲಿನಲ್ಲಿ ಹಲ್ಲು ಕಡಿಯುತ್ತ ಕೂತೆ. ಮಾವ ಮಾತ್ರ, ಆ ಕಂಡಕ್ಟರ್ ಭಾಳ ಶ್ಯಾಣ್ಯಾ ಎಂದು ಮೆಚ್ಚಿಕೊಂಡ.

ಹೋದ ವರ್ಷ ಅತ್ತೆಗೆ ಲಕ್ವಾ ಹೊಡೆಯಿತು. ಕೈಕಾಲು ಬೇಗ ಸುಧಾರಿಸಿದವು, ಆದರೆ ಹೆಸರುಗಳೆಲ್ಲ ನಾಲಿಗೆಯಿಂದ ಮಾಯವಾದವು. ಗಂಟಲಿಗೆ ಮಳೆ ಬೇಕು ಎಂದರೆ ನಾವು ಕೊಡೆ ಹುಡುಕುತ್ತಿದ್ದೆವು! ಮಾವ ನೀರು ತಂದುಕೊಡುತ್ತಿದ್ದ. ಕಾಲಿನ ಮನೆ ಎಂದರೆ ಚಪ್ಪಲಿ ತಂದಿಡುತ್ತಿದ್ದ. ನೆಟ್ಟಗೆ ಮಾತಾಡಿ ಎಂದು ಜೀವಮಾನವಿಡೀ ಗದರಿದವಳ ಮಾತು ಈಗ ಅವನೊಬ್ಬನಿಗೇ ಅರ್ಥ! ಮನೆಯಲ್ಲಿ ಮತ್ತೆ ನಗು ಬಂತು. ಆದರೆ ಅವಳು ಅವನನ್ನು ಮಾತ್ರ ಏನೆಂದೂ ಕರೆಯುತ್ತಿರಲಿಲ್ಲ.

"ನನ್ನೂ ಮರತಾಳೋ ಏನೋ," ಎಂದು ಒಂದು ದಿನ ನನ್ನ ಮುಂದೆ ಮೆಲ್ಲಗೆ ಅಂದ. ಅವನು ಅಷ್ಟು ಸಾದಾ ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ.

ಮುಂದಿನ ವಾರ ಆಸ್ಪತ್ರೆಯಲ್ಲಿ ಡಾಕ್ಟರು ಮಾವನನ್ನು ತೋರಿಸಿ, ಇವರ ಹೆಸರೇನು ಎಂದು ಅತ್ತೆಯನ್ನು ಕೇಳಿದರು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದುಂಟೇ? ಮದುವೆಯಲ್ಲಿ ಬಲವಂತ ಮಾಡಿದರೆ ಪ್ರಾಸ ಕಟ್ಟಿ, ಒಡಪೆಂಬ ಪುಟ್ಟ ಪದ್ಯದೊಳಗೆ ಮುಚ್ಚಿಟ್ಟು ಹೇಳುತ್ತಾರೆ. ಆಮೇಲೆ ಅವನು ಆಯುಷ್ಯಪೂರ್ತಿ ಬರೀ 'ಇವರು'.

ಮಾವ ಉಸಿರು ಬಿಗಿಹಿಡಿದು ನಿಂತಿದ್ದ. ಮರ ಎಂದಾಳು, ನೆರಳು ಎಂದಾಳು ಎಂದು ನಾನು ಕಾಯುತ್ತಿದ್ದೆ. ಅತ್ತೆ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ನೋಡಿ, ಅವನ ಹೆಸರು ಹೇಳಿದಳು. ಪ್ರಾಸವಿಲ್ಲ, ಒಡಪಿಲ್ಲ, ಬರೀ ಹೆಸರು.

ಮಾವನ ಬಾಯಿಂದ ಒಂದು ಉಪಮೆಯೂ ಹೊರಡಲಿಲ್ಲ. ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ.

"ಇನ್ನೊಮ್ಮೆ ಅನ್ನು," ಎಂದ.

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಾಚಿದಳು, ಆಮೇಲೆ ಇನ್ನೊಮ್ಮೆ ಹೇಳಿದಳು.