ಪುಟ್ಟರಾಜನ ಮುದ್ದೆ, ನನ್ನ ಆಪ್ತ ಸಮಾಲೋಚನೆ

ಬಾಯಿ ಮುಚ್ಚಿಕೊಂಡು ಕೂರುವುದಕ್ಕೂ ತರಬೇತಿ ಕೊಡುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ, ಇದಕ್ಕಿಂತ ಸುಲಭದ ಕೆಲಸ ಅರಕಲಗೂಡು ತಾಲ್ಲೂಕಿನಲ್ಲೇ ಇಲ್ಲ ಅನ್ನಿಸಿತು.

ನನ್ನದು ಮಲ್ಲಿಪಟ್ಟಣದಲ್ಲಿ ಪಂಕ್ಚರ್ ಅಂಗಡಿ. ಓದು ಎಂಟನೇ ಕ್ಲಾಸು, ಅದೂ ಫೇಲು. ಮೊಬೈಲು ಇನ್ನೂ ಸಾಹುಕಾರರ ಜೇಬಿನಲ್ಲಿ ಮಾತ್ರ ಇದ್ದ ಕಾಲ. ಹಾಸನದ ಒಂದು ಸಂಸ್ಥೆಯವರು ಊರೂರಿಗೆ ಒಬ್ಬೊಬ್ಬ ಆಪ್ತ ಸಮಾಲೋಚಕನನ್ನು ತಯಾರು ಮಾಡುತ್ತೇವೆ ಅಂತ ಬಂದರು. ಜನರ ಕಷ್ಟ ಕೇಳುವವನಂತೆ. "ನಿಮ್ಮೂರಲ್ಲಿ ಜನ ಬಂದು ಕೂರೋ ಜಾಗ ಯಾವುದು?" ಅಂತ ಅವರ ಪೈಕಿ ಸುಮಿತ್ರಾ ಮೇಡಂ ಕೇಳಿದರು. ಊರು ನನ್ನ ಅಂಗಡಿಯ ಬೆಂಚು ತೋರಿಸಿತು. ನಾನು ಆಯ್ಕೆಯಾದೆ. ಸರಿಯಾಗಿ ಹೇಳಬೇಕೆಂದರೆ ಬೆಂಚು ಆಯ್ಕೆಯಾಯಿತು, ಅದರ ಜೊತೆ ನಾನು ಹೋದೆ!

ಹಾಸನದಲ್ಲಿ ಒಂದು ವಾರದ ತರಬೇತಿ. ಮೊದಲ ದಿನವೇ ನಾಟಕ ಮಾಡಿಸಿದರು. ಹೊಳೆನರಸೀಪುರದಿಂದ ಬಂದಿದ್ದ ಒಬ್ಬ ಮೇಷ್ಟ್ರು ಕುಡುಕ ಗಂಡ. ನಾನು ಸಮಾಲೋಚಕ. ಮೇಷ್ಟ್ರು ತೂರಾಡಿಕೊಂಡು ಬಂದು ಗೋಳೋ ಅಂತ ಅತ್ತರು.

"ಕುಡಿಯೋದ್ ಬುಡಿ ಸಾ, ಮುಗೀತು. ಎದ್ದೋಗಿ," ಅಂದೆ.

ಮೇಡಂ ಹಣೆ ಒತ್ತಿಕೊಂಡರು. "ರವಿ, ನಾವು ಸಲಹೆ ಕೊಡಬಾರದು."

"ಮತ್ತೆ ನಾವ್ಯಾಕೆ ಮೇಡಂ ಇರಾದು?"

"ಕೇಳೋದಕ್ಕೆ. ಅವರು ಹೇಳಿದ್ದಕ್ಕೆ ತಲೆ ಆಡಿಸಬೇಕು. ಹೂಂ ಅನ್ನಬೇಕು. ಅವರ ಮಾತನ್ನೇ ತಿರುಗಿಸಿ ಹೇಳಬೇಕು. ಅತ್ತರೆ ಒಂದು ಲೋಟ ನೀರು ಕೊಡಬೇಕು. ಮತ್ತೆ ಗೋಪ್ಯತೆ! ಅವರು ಹೇಳಿದ್ದು ಯಾರಿಗೂ, ನಿಮ್ಮ ಹೆಂಡತಿಗೂ ಹೇಳಬಾರದು."

ಇಷ್ಟೇ! ಹೂಂ, ತಲೆ, ನೀರು, ಗುಟ್ಟು. ಇದಕ್ಕೆ ಒಂದು ವಾರ ಯಾಕೆ ಅಂತ ಉಳಿದ ದಿನ ಊಟದ ಕಡೆ ಗಮನ ಕೊಟ್ಟೆ. ಕೊನೆಗೆ ಮೇಡಂ ಹೇಳಿದರು: ಎಲ್ಲರೂ ಊರಿಗೆ ಹೋಗಿ ಒಂದೊಂದು ಸಮಾಲೋಚನೆ ಮಾಡಿ, ನಾನೇ ಬಂದು ನೋಡುತ್ತೇನೆ, ಚೆನ್ನಾಗಿ ಮಾಡಿದವರಿಗೆ ಎರಡನೇ ಹಂತದ ತರಬೇತಿ. ನಾನು ಆಗಲೇ ಮೂರನೇ ಹಂತದ ಕನಸು ಕಾಣುತ್ತಿದ್ದೆ.

ಊರಿಗೆ ಬಂದ ವಾರದಲ್ಲೇ ಗಿರಾಕಿ ಸಿಕ್ಕ. ನನ್ನ ಗೆಳೆಯ ಪುಟ್ಟರಾಜ. ಹೊಸದಾಗಿ ಮದುವೆಯಾದವನು. ಆಷಾಢಕ್ಕೆ ಅವನ ಹೆಂಡತಿ ಶೋಭ ಚನ್ನರಾಯಪಟ್ಟಣದ ಹತ್ತಿರದ ತವರಿಗೆ ಹೋಗಿದ್ದಳು. ಶ್ರಾವಣ ಬಂದ ಮೇಲೆ ಗಂಡ ಹೋಗಿ ಕರೆದುಕೊಂಡು ಬರಬೇಕು, ಅದು ಪದ್ಧತಿ. ಶ್ರಾವಣ ಅರ್ಧ ಕಳೆದಿತ್ತು. ಇವನು ಹೋಗುತ್ತಲೇ ಇರಲಿಲ್ಲ. ಅತ್ತ ಮಾವ ಕಿಡಿಕಿಡಿ. ಕರೆಯಲು ಬಾರದವನ ಮನೆಗೆ ಮಗಳನ್ನು ಯಾಕೆ ಕಳಿಸಲಿ ಅಂತ ಹೇಳಿ ಕಳಿಸಿದ್ದ. ಸಂಸಾರ ಮುರಿಯುವ ಹಂತ!

ನಾನು ಶಾಸ್ತ್ರಬದ್ಧವಾಗಿ ಅಂಗಡಿಯ ಶಟರ್ ಅರ್ಧ ಇಳಿಸಿದೆ. ಪುಟ್ಟರಾಜ ಅರೆಗತ್ತಲಲ್ಲಿ ಗುಟ್ಟು ಬಿಚ್ಚಿದ.

"ನಂಗೆ ಮುದ್ದೆ ಇಳಿಯಲ್ಲ ಕಣ್ಲಾ."

ಮನೆಯಲ್ಲಿ ಅವ್ವ ಬರೀ ಅನ್ನ ಹಾಕಿ ಸಾಕಿದ್ದಾಳೆ. ನುಂಗಬೇಕಾದ ಮುದ್ದೆಯನ್ನು ಬಾಯಿಗೆ ಹಾಕಿದರೆ ಅಗಿಯುತ್ತಾನೆ! ಅತ್ತೆ ಮನೆಯಲ್ಲಿ ಮೊದಲ ಸಲ ಊಟಕ್ಕೆ ಕೂತಾಗ, ಅತ್ತೆ ತೆಂಗಿನಕಾಯಿ ಗಾತ್ರದ ಮುದ್ದೆ ಇಟ್ಟು ಎದುರಿಗೇ ನಿಂತಳಂತೆ. ಅಕ್ಕಪಕ್ಕದಲ್ಲಿ ಭಾವಮೈದುನರು ತಟ್ಟೆಯಿಂದ ತಲೆ ಎತ್ತದೆ ಗುಳುಂ ಗುಳುಂ ಅಂತ ನುಂಗುತ್ತಿದ್ದಾರೆ. ಅತ್ತೆ ಸಾರು ತರಲು ತಿರುಗಿದಾಗ ಇವನು ಮುದ್ದೆಯನ್ನು ಟವೆಲ್ಲಿಗೆ ಸುತ್ತಿ ಮಂಚದ ಕೆಳಗೆ ತಳ್ಳಿದ. ಬರಿ ತಟ್ಟೆ ಕಂಡ ಅತ್ತೆ ಖುಷಿಯಾಗಿ ಇನ್ನೊಂದು ಹಾಕಿದಳು!

"ರೈತನ ಮಗ ಮುದ್ದೆ ಅಗೀತಾನೆ ಅಂತ ಗೊತ್ತಾದ್ರೆ ಮರ್ವಾದಿ ಉಳಿತದಾ? ಮತ್ತೆ ಅಲ್ಲಿಗೋಗಿ ಎಂಗ್ಲಾ ಕೂತ್ಕೊಳ್ಲಿ?"

ನನ್ನ ನಾಲಿಗೆ ತುರಿಸುತ್ತಿತ್ತು. ಚಿಕ್ಕದಾಗಿ ಮುರಿದು ಸಾರಲ್ಲಿ ಮುಳುಗಿಸಿ ಕಣ್ಣು ಮುಚ್ಚಿ ನುಂಗ್ಲಾ ಅಂದರೆ ಮುಗಿದು ಹೋಗುತ್ತಿತ್ತು. ಆದರೆ ಸಲಹೆ ಕೊಡುವಂತಿಲ್ಲ.

"ಅಂದ್ರೆ... ಮುದ್ದೆ ಇಳಿಯಲ್ಲ ಅಂತ ನಿಂಗೆ ಬೇಜಾರಾಗೈತೆ," ಅಂದೆ.

"ಅದ್ನೇ ಅಲ್ವೇನ್ಲಾ ನಾನೂ ಯೇಳಿದ್ದು?"

"ನೀನೂ ಅದ್ನೇ ಯೇಳ್ದೆ. ಹೂಂ."

ಅವನು ಟೈರಿಗೆ ಒದ್ದು ಹೊರಟು ಹೋದ. ಸಮಾಲೋಚನೆ ಯಶಸ್ವಿ!

ಆದರೆ ಹಾಡುಹಗಲಲ್ಲಿ ಪಂಕ್ಚರ್ ಅಂಗಡಿಯ ಶಟರ್ ಇಳಿದರೆ ಊರು ಸುಮ್ಮನಿರುತ್ತದೆಯೇ? ಮಧ್ಯಾಹ್ನ ಊಟಕ್ಕೆ ಕೂತರೆ ನನ್ನ ಹೆಂಡತಿ ಜಯ ತಟ್ಟೆ ಇಡದೆ ನಿಂತಳು.

"ಪುಟ್ಟರಾಜಣ್ಣ ಏನಂದ್ರು?"

"ಯೇಳಂಗಿಲ್ಲ. ಗೋಪ್ಯತೆ."

"ನನ್ತಾವೂನಾ?"

"ನಿನ್ತಾವ್ ಅಂತೂ ಇಲ್ವೇ ಇಲ್ಲ."

"ಓಹೋ! ಹೋದ್ ವರ್ಸ ನಿಮ್ಮಣ್ಣನ ಮನೆ ಜಗಳಾನ ಬಸ್‌ಸ್ಟ್ಯಾಂಡಲ್ ನಿಂತ್ಕಂಡು ಯೇಳ್ದೋರು ನೀವು. ನಿಮ್ ಬಾಯೇ ಮುಚ್ಚೋಗೈತೆ ಅಂದ್ರೆ ಅದೆಂಥಾ ಘನಂದಾರಿ ವಿಷ್ಯ ಇರ್ಬೇಕು!"

ಇದೇ ನಾನು ಮಾಡಿದ ಎಡವಟ್ಟು. ನಮ್ಮೂರಲ್ಲಿ ಹೇಳಿದ ವಿಷಯ ಸಂಜೆಗೆ ಹಳತಾಗುತ್ತದೆ. ಹೇಳದ ವಿಷಯ ಮಾತ್ರ ಹುಳಿ ಬಂದ ದೋಸೆ ಹಿಟ್ಟಿನ ಹಾಗೆ ಉಬ್ಬುತ್ತದೆ.

ಸಂಜೆಗೆ ಪುಟ್ಟರಾಜನ ತಾಯಿ ಕೆಂಪಮ್ಮ ಅಂಗಡಿಗೆ ಬಂದಳು. "ನನ್ ಮಗಂಗೆ ಏನಾಗೈತಪ್ಪಾ? ನಿಜ ಯೇಳು." ಕಣ್ಣಲ್ಲಿ ನೀರು. ನಾನು ತರಬೇತಿಯಂತೆ ಮುಂದಕ್ಕೆ ಬಾಗಿದೆ. ಗಂಭೀರವಾಗಿ ತಲೆ ಆಡಿಸಿದೆ. ಆಮೇಲೆ ಒಂದು ಲೋಟ ನೀರು ಕೊಟ್ಟೆ.

ಅವಳು ಲೋಟ ನೋಡಿದಳು. ನನ್ನ ಮುಖ ನೋಡಿದಳು.

"ಅಯ್ಯಯ್ಯೋ! ವಿಷ್ಯ ಯೇಳಕ್ ಮುಂಚೇನೇ ನೀರ್ ಕೊಡ್ತಾವ್ನಲ್ಲಪ್ಪೋ! ನನ್ ಮಗ ಉಳಿಯಲ್ವೇನೋ!"

ಲೋಟ ಉರುಳಿತು. ಕೆಂಪಮ್ಮನೂ ಉರುಳಿದಳು.

ಸುದ್ದಿ ಬೆಳಗಿನ ಬಸ್ಸು ಹತ್ತಿತು. ಅರಕಲಗೂಡು ತಲುಪುವಾಗ ಪುಟ್ಟರಾಜನಿಗೆ ಕಿಡ್ನಿ ಹೋಗಿತ್ತು. ಹೊಳೆನರಸೀಪುರದಲ್ಲಿ ಅವನಿಗೆ ಇನ್ನೊಂದು ಸಂಸಾರ ಹುಟ್ಟಿಕೊಂಡಿತು. ಚನ್ನರಾಯಪಟ್ಟಣದಲ್ಲಿ ಇಳಿಯುವ ಹೊತ್ತಿಗೆ ಎರಡೂ ಸೇರಿ, ಕಿಡ್ನಿಯನ್ನು ಆ ಇನ್ನೊಂದು ಸಂಸಾರಕ್ಕೇ ಕೊಟ್ಟನಂತೆ!

ಸುಮಿತ್ರಾ ಮೇಡಂ ನನ್ನ ಕೆಲಸ ನೋಡಲು ಬಂದ ದಿನವೇ ಒಂದು ಟೆಂಪೊ ಅಂಗಡಿ ಮುಂದೆ ನಿಂತಿತು. ಮಾವ ಇಳಿದ. ಭಾವಮೈದುನರು ಇಳಿದರು. ಕೊನೆಗೆ ಶೋಭ, ಅತ್ತು ಅತ್ತು ಕಣ್ಣು ಊದಿಸಿಕೊಂಡು. ಊರೆಲ್ಲ ಸೇರಿತು. ಪುಟ್ಟರಾಜನನ್ನೂ ಎಳೆದು ತಂದರು. ಅವನು ನೆಲ ನೋಡುತ್ತಾ ನಿಂತ.

"ಇವ್ನು ಬಾಯ್ ಬುಡಲ್ಲ. ನೀನ್ ಯೇಳಪ್ಪಾ," ಅಂತ ಮಾವ ನನ್ನ ಮುಂದೆ ನಿಂತ. "ಇವತ್ತು ಇಲ್ಲೇ ತೀರ್ಮಾನ ಆಗೋಗ್ಲಿ. ಸಂಬಂಧ ಇಟ್ಕಬೇಕಾ, ಬುಡಬೇಕಾ?"

ಮೇಡಂ ನೋಡುತ್ತಿದ್ದಾರೆ! ನಾನು ಬೆನ್ನು ನೆಟ್ಟಗೆ ಮಾಡಿ ಕೂತು ತಲೆ ಆಡಿಸಿದೆ. "ಹೂಂ."

"ಇವ್ನಿಗೆ ಕಾಯ್ಲೆ ಐತಾ?"

"ಹೂಂ..." ಅಂದೆ. ಕೇಳಿಸಿಕೊಳ್ಳುತ್ತಿದ್ದೇನೆ ಅನ್ನುವುದಕ್ಕೆ ಅನ್ನಬೇಕಾದ ಹೂಂ ಅದು. ಜನ ಹಾ ಅಂದರು.

"ಇನ್ನೊಂದ್ ಮನೆ ಮಡಗವ್ನಾ?"

ಕುತ್ತಿಗೆಗೆ ಅಭ್ಯಾಸವಾಗಿಬಿಟ್ಟಿತ್ತು. ಅದು ತಾನಾಗಿಯೇ ಆಡಿತು. "ಹೂಂ. ಅಂದ್ರೆ, ಇನ್ನೊಂದ್ ಮನೆ ಮಡಗವ್ನೆ ಅಂತ ನಿಮ್ಗೆ ಬೇಜಾರಾಗೈತೆ."

ಮಾವ ಮಗಳ ಕೈ ಹಿಡಿದು ಟೆಂಪೊ ಕಡೆ ತಿರುಗಿದ. ಭಾವಮೈದುನರು ಪುಟ್ಟರಾಜನ ಕಡೆ ತಿರುಗಿದರು. ಮೇಡಂ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

"ಮುದ್ದೆ!" ಅಂತ ಪುಟ್ಟರಾಜ ಕಿರುಚಿದ. "ನಂಗೆ ಮುದ್ದೆ ಇಳಿಯಲ್ಲ! ಅದುಕ್ಕೇ ಬರ್ಲಿಲ್ಲ! ಈ ಮುಠ್ಠಾಳ ಒಂದ್ ಮಾತ್ ಯೇಳಿದ್ರೆ ಮುಗ್ದೋಗ್ತಿತ್ತು!"

ಊರು ನಕ್ಕಿತು ನೋಡಿ, ಟೆಂಪೊದ ಡ್ರೈವರ್ ಕೂಡ ಸ್ಟೇರಿಂಗಿಗೆ ತಲೆ ಇಟ್ಟುಕೊಂಡು ನಕ್ಕ. ನಗದೇ ಇದ್ದವಳು ಶೋಭ ಒಬ್ಬಳೇ.

"ನಂಗೊತ್ತಿತ್ತು," ಅಂದಳು ಮೆತ್ತಗೆ. "ಮಂಚದ್ ಕೆಳಗಿದ್ ಟವಲ್ ತಗ್ದಿದ್ದೇ ನಾನು. ಮುದ್ದೆ ಎಮ್ಮೆಗೆ ಆಕ್ದೆ, ಟವಲ್ ಒಗ್ದಿಟ್ಟೆ. ಅನ್ನ ಬೇಯಿಸ್ಕೊಂಡು ಕಾಯ್ತಾನೇ ಇದ್ದೆ, ಇವ್ರು ಬರ್ಲೇ ಇಲ್ಲ."

ಮೇಡಂ ಮುಖದಿಂದ ಕೈ ತೆಗೆದರು. "ಯಾರಿಗೂ ಹೇಳಲಿಲ್ವೇನಮ್ಮಾ?"

"ಯೇಳಿದ್ರೆ ಇವ್ರ್ ಮರ್ವಾದಿ ಓಗ್ತಿತ್ತು ಮೇಡಂ. ಗುಟ್ಟು ಐತೆ ಅಂತ ತೋರ್ಸ್ಕಂಡಿದ್ರೂ ಓಗ್ತಿತ್ತು."

ಮೇಡಂ ನನ್ನ ಕಡೆ ನೋಡಿದರು. ನಾನು ಪಂಪಿನ ಕಡೆ ನೋಡಿದೆ.

ಮಾವ ಮಗಳನ್ನು ಗಂಡನ ಮನೆಯಲ್ಲೇ ಬಿಟ್ಟು ಟೆಂಪೊ ಹತ್ತಿದ. ಎರಡನೇ ಹಂತದ ತರಬೇತಿಗೆ ನಮ್ಮೂರಿಂದ ಆಯ್ಕೆಯಾದದ್ದು ಶೋಭ. ಮೊದಲ ಹಂತವನ್ನು ಅವಳಿಗೆ ಮಾಫಿ ಮಾಡಿದರು. ಹೊರಡುವಾಗ ಮೇಡಂ ನನಗೂ ಒಂದು ಮಾತು ಹೇಳಿದರು. ಏನಾದರೂ ಹೊಗಳುತ್ತಾರೆ ಅಂತ ಎದ್ದು ನಿಂತೆ.

"ರವಿ, ಆ ಬೆಂಚು ಚೆನ್ನಾಗಿದೆ. ವಾರಕ್ಕೊಂದು ದಿನ ಶೋಭಂಗೆ ಬಿಟ್ಟುಕೊಡಿ."

ಬಿಟ್ಟುಕೊಟ್ಟೆ. ಈಗ ಅವಳು ಬೆಂಚಿನ ಮೇಲೆ ಕೂತು ಜನರ ಕಷ್ಟ ಕೇಳುತ್ತಾಳೆ. ಶಟರ್ ಇಳಿಸುವುದಿಲ್ಲ, ಸೊಪ್ಪು ಸೋಸುತ್ತಾ ಕೇಳುತ್ತಾಳೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ನಾನು ಮೂಲೆಯಲ್ಲಿ ಟ್ಯೂಬನ್ನು ನೀರಲ್ಲಿ ಅದ್ದಿ ತೂತು ಹುಡುಕುತ್ತೇನೆ. ನಾನು ನೀರು ತೋರಿಸಿದರೂ ಅಳದೇ ಇರುವುದು ಆ ಟ್ಯೂಬೊಂದೇ!