ಷಡ್ಡಕನ ಟೈರು

ಗಾಡಿಯಣ್ಣನ ಹೊಟ್ಟೆಗೆ ಬೆಂಕಿ ಬಿದ್ದದ್ದು ಬೆಳಗ್ಗೆ ಏಳಕ್ಕೆ, ಹಲ್ಲುಜ್ಜುತ್ತ ಬಾಗಿಲಿಗೆ ಬಂದಾಗ. ಎದುರು ಮನೆಯ ಷಡ್ಡಕನ ಪಿಕಪ್ಪಿಗೆ ನಾಲ್ಕೂ ಹೊಸ ಟೈರು! ಷಡ್ಡಕ ಎಂದರೆ ಹೆಂಡತಿಯ ತಂಗಿಯ ಗಂಡ. ಸ್ಟೇರಿಂಗು ಹಿಡಿಯುವುದನ್ನು ಇವನಿಂದಲೇ ಕಲಿತವನು. ಅವನು ಗಾಡಿ ಕೊಂಡ ದಿನದಿಂದ ಬೀದಿಯವರು ಇವನನ್ನು ‘ಹಳೇ ಗಾಡಿಯಣ್ಣ’ ಎನ್ನತೊಡಗಿದ್ದರು. ಆ ಉರಿಯೇ ಇನ್ನೂ ಆರಿರಲಿಲ್ಲ.

ಬಾಯಿ ತುಂಬ ನೊರೆ ಇಟ್ಟುಕೊಂಡೇ ರಸ್ತೆ ದಾಟಿ ಬಗ್ಗಿ ನೋಡಿದ. ಟೈರಿನ ಪಕ್ಕೆಯಲ್ಲಿ 121 ಎಂದಿತ್ತು. ಓಡಿ ಬಂದು ತನ್ನ ಪಿಕಪ್ಪಿನ ಟೈರು ನೋಡಿದ. 104!

“ಹದಿನೇಳು ಕಮ್ಮಿ!” ಎಂದು ಕಿರುಚಿದ.

“ರೀ, ಅವ್ರು ಆ ಗಾಡೀನ...” ಹೆಂಡತಿ ಏನೋ ಹೇಳಹೊರಟಳು.

“ಅವನ ಸುದ್ದಿ ನನ್ನ ಮುಂದೆ ಎತ್ತಬೇಡ!”

“ಎತ್ತಲ್ಲ ಬಿಡಿ, ನಂಗೇನಂತೆ” ಎಂದು ಅವಳು ಒಳಗೆ ಹೋದಳು.

ಅಂದು ಮಹಾನುಭಾವನಿಗೆ ಮಾಡಲು ಬೇರೆ ಕೆಲಸವಿತ್ತು. ತಿಂಗಳಿಂದ ಬಾಡಿಗೆ ಸಿಗದೆ ಗಾಡಿ ಅರ್ಧ ದಿನ ಮನೆ ಮುಂದೆಯೇ ನಿಲ್ಲುತ್ತಿತ್ತು. ಕೊನೆಗೂ ದೊಡ್ಡ ಬೇಕರಿಯ ಯಜಮಾನರು ಒಪ್ಪಿದ್ದರು: ಕೋಳಿ ಫಾರಮ್ಮಿನಿಂದ ಒಂದು ಲೋಡು ಮೊಟ್ಟೆ ತಂದು ತೋರಿಸಬೇಕು, ಮೂವತ್ತಕ್ಕಿಂತ ಹೆಚ್ಚು ಒಡೆಯಬಾರದು. ಗೆದ್ದರೆ ವರ್ಷವಿಡೀ ಕೆಲಸ. ಸೋತರೆ ಗಾಡಿ ಮಾರುವುದೇ ಗತಿ. ಆದರೆ ಹೊಟ್ಟೆಕಿಚ್ಚಿಗೆ ಇದೆಲ್ಲ ಅರ್ಥವಾಗುತ್ತದೆಯೇ? ಸೀದಾ ಟೈರಿನ ಅಂಗಡಿಗೆ ಹೋದ.

“121 ಹಾಕು.”

“ಯಾಕಣ್ಣಾ?” ಅಂಗಡಿಯವನು ಚಾಲಕನ ಬಾಗಿಲು ತೆರೆದು, ಅಲ್ಲಿ ಅಂಟಿಸಿದ್ದ ಚೀಟಿ ತೋರಿಸಿದ. “ಒಂದೊಂದು ಟೈರು ಎಷ್ಟು ಭಾರ ತಡ್ಕೊಳ್ಳುತ್ತೆ ಅನ್ನೋ ನಂಬರ್ ಅದು. ನಿನ್ನ ಗಾಡಿಗೆ 104 ಅಂತ ಕಂಪನಿಯವರೇ ಬರೆದಿದಾರೆ. ಆ ದೊಡ್ಡ ನಂಬರಿನದು ಬಲು ಗಡಸು, ಗಾಳೀನೂ ಜಾಸ್ತಿ ಬೇಕು. ಭಾರ ಕಮ್ಮಿ ಇದ್ರೆ ಗಾಡಿ ಎತ್ತೆತ್ತಿ ಹಾಕುತ್ತೆ. ಏನು ಸಾಗಿಸ್ತೀಯ?”

“ಮೊಟ್ಟೆ.”

ಅಂಗಡಿಯವನು ಹಣೆ ಚಚ್ಚಿಕೊಂಡ. “ದಮ್ಮಯ್ಯ, ಬೇಡ ಕಣಣ್ಣಾ!”

“122 ಇದ್ಯಾ?”

ಇರಲಿಲ್ಲ. 121ಕ್ಕೇ ಸಮಾಧಾನಪಟ್ಟುಕೊಂಡ.

ಫಾರಮ್ಮಿನಿಂದ ಹೊರಟ ಗಾಡಿ ಮೊದಲ ಗುಂಡಿಯಲ್ಲೇ ಬೆದರಿದ ಕರುವಿನಂತೆ ಹಾರಿತು. ಹಿಂದೆ ಪಟಪಟ ಸದ್ದು. ತಮ್ಮ ಬೀದಿ ಮುಟ್ಟುವಷ್ಟರಲ್ಲಿ ಇಪ್ಪತ್ತಾರು ಮೊಟ್ಟೆ ಹೋಗಿದ್ದವು. ಬೇಕರಿ ಇನ್ನೂ ಮೂರು ಮೈಲಿ. ಗಾಡಿಯಣ್ಣ ಗಾಡಿ ನಿಲ್ಲಿಸಿ ತಲೆ ಮೇಲೆ ಕೈಹೊತ್ತು ಕೂತ.

ಬೀದಿಯವರಿಗೆ ಇನ್ನೇನು ಬೇಕು? ನಿವೃತ್ತ ಮೇಷ್ಟ್ರು ಕನ್ನಡಕ ಏರಿಸಿ ಟೈರು ಗುದ್ದಿ ನೋಡಿದರು. “ಭಾರ ಸಾಲದು ಕಣೋ. ಭಾರ ಹೇರಿದ್ರೆ ಕುಣಿಯೋದು ನಿಲ್ಲುತ್ತೆ.”

“ಏನು ಹೇರ್ಲಿ ಮೇಷ್ಟ್ರೇ? ಕಲ್ಲಾ?”

“ಕಲ್ಲು ಮೊಟ್ಟೆ ಮೇಲೆ ಉರುಳಿದ್ರೆ?” ಎಂದ ದರ್ಜಿ, ತನ್ನ ಹೊಟ್ಟೆ ಸವರಿಕೊಳ್ಳುತ್ತ. “ನಾವೇ ಕೂತ್ಕೋತೀವಿ, ನಡಿ!”

ಹೀಗೆ ಮೇಷ್ಟ್ರು, ದರ್ಜಿ, ಕ್ಷೌರಿಕ, ಇನ್ನೂ ಐದು ಜನ ದಢೂತಿಗಳು ಹಿಂದೆ ಹತ್ತಿ, ತೊಡೆಯ ಮೇಲೊಂದೊಂದು ಟ್ರೇ ಇಟ್ಟುಕೊಂಡರು. ಗಾಡಿ ನಿಜಕ್ಕೂ ತಣ್ಣಗಾಯಿತು. ದಾರಿಯುದ್ದಕ್ಕೂ “ನಿಧಾನ!”, “ಅಯ್ಯೋ ನನ್ನ ಸೊಂಟ!”, “ಸೊಂಟ ಹೋಗ್ಲಿ, ಮೊಟ್ಟೆ ನೋಡ್ರೀ!” ಎಂಬ ಕೂಗು. ತಿರುವಿನಲ್ಲಿ ದರ್ಜಿ ಸೀನಿದ, ಮೂರು ಹೋದವು.

ಬೇಕರಿಯ ಯಜಮಾನರು ಒಂದೂ ಬಿಡದೆ ಎಣಿಸಿದರು. ಇಪ್ಪತ್ತೊಂಬತ್ತು!

“ಭೇಷ್! ವರ್ಷಪೂರ್ತಿ ಕೆಲಸ ನಿಂದೇ” ಎಂದರು. ಎಂಟೂ ಜನ ಜೈಕಾರ ಹಾಕಿದರು. ಗಾಡಿಯಣ್ಣನ ಎದೆ ಉಬ್ಬಿತು. ಈಗ ಷಡ್ಡಕನ ಮುಖ ನೋಡಬೇಕು ಎಂದುಕೊಂಡ.

“ಸಾಗಾಟ ಎಲ್ಲ ಇನ್ಮೇಲೆ ನನ್ನ ಹೊಸ ಪಾಲುದಾರರದ್ದು. ಅವರು ಹೇಳಿದ ಹಾಗೆ ಕೇಳ್ಕೊಂಡು ಹೋಗು” ಎಂದು ಯಜಮಾನರು ಒಳಗಿದ್ದ ಪಾಲುದಾರರನ್ನು ಕೂಗಿ ಕರೆದರು.

ಗರಿಗರಿ ಅಂಗಿ ತೊಟ್ಟು ಷಡ್ಡಕ ಹೊರಬಂದ.

“ಓ, ಭಾವಾ! ನೀವೇನಾ!”

“ನಿನ್ನ... ಪಿಕಪ್ಪು?”

“ಮಾರಿಯೇ ಇಲ್ಲಿ ಪಾಲು ಹಾಕಿದ್ದು. ಕಲ್ಲು ಸಾಗಿಸೋರು ತಗೊಂಡ್ರು. ಅವರ ಕೆಲಸಕ್ಕೆ ಅಂತ ಅವರೇ ನಿನ್ನೆ ಹೊಸ ಟೈರು ಹಾಕಿಸಿ, ಇವತ್ತು ಬಂದು ಒಯ್ದ್ರು. ಯಾಕೆ, ಅಕ್ಕ ಹೇಳಲಿಲ್ವಾ?”

ಷಡ್ಡಕ ಬಗ್ಗಿ ಗಾಡಿಯ ಚಕ್ರ ನೋಡಿದ.

“ಇದೇನು ಭಾವಾ, ಮೊಟ್ಟೆ ಗಾಡಿಗೆ ಕಲ್ಲಿನ ಟೈರಾ? ನೀವೇ ನಂಗೆ ಕಲಿಸಿದೋರು! ಇವತ್ತೇ ಬದಲಾಯಿಸಿ. ನಾಳೆ ಐದಕ್ಕೆಲ್ಲ ಇಲ್ಲಿರಬೇಕು. ಸಂಬಂಧ ಬೇರೆ, ಕೆಲಸ ಬೇರೆ, ಬೇಜಾರು ಮಾಡ್ಕೋಬೇಡಿ.”

ಎಂಟು ಜನ ಕಿವಿ ನೆಟ್ಟಗೆ ಮಾಡಿಕೊಂಡು ಕಾದರು. ಗಾಡಿಯಣ್ಣ ಏನೇನೋ ಹೇಳಬೇಕೆಂದಿದ್ದ. ಬಾಯಿಂದ ಹೊರಟದ್ದು ಒಂದೇ:

“ಆಗ್ಲಿ ಸಾರ್.”